ಎಳೆಯುವ ತೂಕ ಬೇರೆ, ಹೊರುವ ತೂಕ ಬೇರೆ

ವಾಹನ–ಯಂತ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಬ್ಬು ಅರೆಯುವ ಹಂಗಾಮು ಶುರುವಾದರೆ ಈ ಅಂಕಣಕ್ಕೆ ಟ್ರೇಲರ್ ಪತ್ರಗಳೇ ಹೆಚ್ಚು. ಈ ಸಲ ಆಯ್ದವುಗಳಲ್ಲಿ ಒಂದು ಅಮೆರಿಕದ ಗಾಡಿಯ ಬಗ್ಗೆ ಇದೆ. ಅದನ್ನೂ ಸೇರಿಸಿಕೊಂಡಿದ್ದೇವೆ. ಪಾಂಡವಪುರದ ಲೆಕ್ಕಕ್ಕೂ ಟೆಕ್ಸಾಸಿನ ಲೆಕ್ಕಕ್ಕೂ ಬುಡ ಒಂದೇ.

ಪ್ರಶ್ನೆ: ನಮ್ಮದು 45 ಎಚ್‌ಪಿ ಟ್ರ್ಯಾಕ್ಟರ್, ತೂಕ 2,100 ಕೆಜಿ. ಎರಡು ಗಾಲಿಯ ಟಿಪ್ಪಿಂಗ್ ಟ್ರೇಲರ್ ಇದೆ. ಕಬ್ಬು ತುಂಬಿದರೆ ಟ್ರೇಲರ್ ಸೇರಿ ಸುಮಾರು 7 ಟನ್ ಬರುತ್ತದೆ. ಟಾರ್ ರಸ್ತೆಯಲ್ಲಿ ಸಲೀಸಾಗಿ ಹೋಗುತ್ತದೆ. ಗದ್ದೆಯಿಂದ ನಾಲೆ ಏರಿಗೆ ಹತ್ತಿಸುವಾಗ ಮಾತ್ರ ಮುಂದಿನ ಗಾಲಿ ಎದ್ದೇಳುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಗಾಡಿ ಕೇಳುವುದಿಲ್ಲ. ಎಂಜಿನ್ ಸಾಲದೇ? 55 ಎಚ್‌ಪಿ ತೆಗೆದುಕೊಳ್ಳಬೇಕೇ?
– ಪಾಂಡವಪುರ ತಾಲ್ಲೂಕಿನ ರೈತರು

ಉತ್ತರ: ಎಂಜಿನ್ ಸಾಕು. ನಿಮ್ಮ ತೊಂದರೆ ಎಳೆಯುವುದರದ್ದಲ್ಲ, ಹೊರುವುದರದ್ದು. ಎತ್ತಿನಗಾಡಿ ಹೂಡಿ ಗೊತ್ತಿರುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮುಂಭಾರವಾದರೆ ನೊಗ ಎತ್ತುಗಳ ಹೆಗಲ ಮೇಲೆ ಕೂರುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಎರಡು ಗಾಲಿ ಟ್ರೇಲರ್ ಕೂಡ ತನ್ನ ತೂಕದಲ್ಲಿ ಒಂದು ಪಾಲನ್ನು ಟ್ರ್ಯಾಕ್ಟರಿನ ಹುಕ್ಕಿನ ಮೇಲೆ ಹೊರಿಸುತ್ತದೆ. ಆದರೆ ಹುಕ್ಕು ಇರುವುದು ಹಿಂದಿನ ಆಕ್ಸೆಲಿಗಿಂತಲೂ ಹಿಂದಕ್ಕೆ. ಅದರ ಮೇಲೆ ಬಿದ್ದ ಭಾರ ಹಿಂದಿನ ಗಾಲಿಗಳನ್ನು ಅದುಮುವುದರ ಜೊತೆಗೆ, ಏತದ ಮರದ ಹಾಗೆ, ಮುಂದಿನ ಗಾಲಿಗಳನ್ನು ಮೇಲಕ್ಕೆತ್ತುತ್ತದೆ.

ನಿಮ್ಮ ಗಾಡಿಯ ಲೆಕ್ಕವನ್ನೇ ಹಾಕೋಣ. ಟ್ರೇಲರ್ ಇಲ್ಲದಾಗ ಮುಂದಿನ ಗಾಲಿಗಳ ಮೇಲೆ ಸುಮಾರು 780 ಕೆಜಿ, ಹಿಂದೆ 1,320 ಕೆಜಿ ಇದೆಯೆಂದು ಇಟ್ಟುಕೊಳ್ಳಿ. ಮುಂದಿನ ಮತ್ತು ಹಿಂದಿನ ಆಕ್ಸೆಲಿನ ನಡುವೆ 2 ಮೀಟರ್, ಹಿಂದಿನ ಆಕ್ಸೆಲಿನಿಂದ ಹುಕ್ಕಿಗೆ 80 ಸೆಂಟಿಮೀಟರ್. 7 ಟನ್ನಿನಲ್ಲಿ ಏಳನೇ ಒಂದು ಪಾಲು, ಅಂದರೆ 1,000 ಕೆಜಿ, ಹುಕ್ಕಿನ ಮೇಲೆ ಬಿದ್ದರೆ ಮುಂಭಾಗದಿಂದ 1,000 × 0.8 ÷ 2 = 400 ಕೆಜಿ ಕಳಚಿಕೊಳ್ಳುತ್ತದೆ. ಉಳಿದದ್ದು 380. ಸ್ಟೇರಿಂಗ್ ಮಾತು ಕೇಳಬೇಕಾದರೆ ಟ್ರ್ಯಾಕ್ಟರಿನ ಸ್ವಂತ ತೂಕದ ಕನಿಷ್ಠ ಶೇ. 20 ಮುಂದಿನ ಗಾಲಿಗಳ ಮೇಲಿರಬೇಕು. ನಿಮಗೆ ಅದು 420 ಕೆಜಿ. ಸಮತಟ್ಟಾದ ರಸ್ತೆಯಲ್ಲೇ ನೀವು ಆ ಗೆರೆಯ ಕೆಳಗಿದ್ದೀರಿ. ನೇರ ದಾರಿಯಾದ್ದರಿಂದ ಗೊತ್ತಾಗಿಲ್ಲ.

ಈಗ ಏರಿ ಹತ್ತಿಸಿ. ಹತ್ತಡಿಗೆ ಒಂದಡಿ ಏರುವ ಮಣ್ಣಿನ ದಾರಿಯಲ್ಲಿ 7 ಟನ್ ಎಳೆಯಲು ಹುಕ್ಕಿನಲ್ಲಿ ಸುಮಾರು 1,000 ಕೆಜಿಯಷ್ಟು ಜಗ್ಗು ಬೇಕು. ಹುಕ್ಕು ನೆಲದಿಂದ 45 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಆ ಜಗ್ಗು ಮುಂಭಾಗದಿಂದ ಇನ್ನೊಂದು 225 ಕೆಜಿ ಕಸಿಯುತ್ತದೆ. ಟ್ರ್ಯಾಕ್ಟರೇ ಹಿಂದಕ್ಕೆ ವಾಲಿರುವುದರಿಂದ ಮತ್ತೊಂದು 70 ಕೆಜಿ ಹೋಗುತ್ತದೆ. ಉಳಿಯುವುದು 80–85 ಕೆಜಿ, ಒಬ್ಬ ಆಳಿನ ತೂಕ. ಒಂದು ಕಲ್ಲು ಸಿಕ್ಕರೆ, ಕ್ಲಚ್ ಸ್ವಲ್ಪ ಜೋರಾಗಿ ಬಿಟ್ಟರೆ ಮೂತಿ ಎದ್ದಿತು. 55 ಎಚ್‌ಪಿ ಎಂಜಿನ್ ಹಾಕಿದರೆ ಇನ್ನೂ ಬೇಗ ಏಳುತ್ತದೆ. ಹೊಸ ಟ್ರ್ಯಾಕ್ಟರ್ ತೂಕದಲ್ಲೂ ಹೆಚ್ಚಿದ್ದರೆ ಮಾತ್ರ ಪ್ರಯೋಜನ.

ಇಲ್ಲಿ ಕೈಮುಗಿದು ಕೇಳಿಕೊಳ್ಳುವ ಒಂದು ಮಾತಿದೆ. ಮೂತಿ ಎದ್ದಾಗ ಕೆಲವರು ಟ್ರೇಲರಿನ ಮುಂಭಾಗ ಎತ್ತರವಾಗಲೆಂದು ಹುಕ್ಕನ್ನು ಮೇಲಿನ ತೂತಿಗೆ, ಇನ್ನು ಕೆಲವರು ನೇಗಿಲಿನಂಥ ಉಪಕರಣ ಹಿಡಿಯುವ ಮೇಲಿನ ತೋಳಿನ, ಅಂದರೆ ಟಾಪ್ ಲಿಂಕಿನ, ಬ್ರಾಕೆಟ್ಟಿಗೇ ಸಿಕ್ಕಿಸುತ್ತಾರೆ. 45 ಸೆಂಟಿಮೀಟರ್ ಇದ್ದ ಹುಕ್ಕು 75ಕ್ಕೆ ಹೋದರೆ 225 ಕೆಜಿಯ ಜಾಗದಲ್ಲಿ 375 ಕೆಜಿ ಕಳಚುತ್ತದೆ. ಅಂದರೆ ಮುಂದೆ ಉಳಿಯುವುದು ಸೊನ್ನೆಗಿಂತ ಕಡಿಮೆ. ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವುದು ಹೀಗೆಯೇ, ಅದಕ್ಕೆ ಎರಡು ಸೆಕೆಂಡೂ ಬೇಡ. ಮೇಲಿನಿಂದ ಎಂದಿಗೂ ಎಳೆಯಬೇಡಿ.

ಮೊದಲು ಹುಕ್ಕಿನ ಮೇಲಿನ ಭಾರವನ್ನು ಅಳೆಯಿರಿ. ಯಾವುದೇ ವೇ ಬ್ರಿಡ್ಜಿನಲ್ಲಿ ಆಗುತ್ತದೆ. ತುಂಬಿದ ಟ್ರೇಲರ್ ಸಿಕ್ಕಿಸಿಕೊಂಡೇ ಟ್ರ್ಯಾಕ್ಟರಿನ ನಾಲ್ಕು ಗಾಲಿ ಮಾತ್ರ ತೂಕದ ಹಲಗೆಯ ಮೇಲಿರುವಂತೆ, ಟ್ರೇಲರಿನ ಗಾಲಿ ಹೊರಗಿರುವಂತೆ ನಿಲ್ಲಿಸಿ. ಬಂದ ತೂಕದಲ್ಲಿ ಬರೀ ಟ್ರ್ಯಾಕ್ಟರಿನ ತೂಕ ಕಳೆಯಿರಿ. 3,100 ಬಂದರೆ ಹುಕ್ಕಿನ ಮೇಲೆ 1,000. ಆಮೇಲೆ ಮುಂದಿನ ಎರಡು ಗಾಲಿ ಮಾತ್ರ ಹಲಗೆಯ ಮೇಲಿಟ್ಟು ಇನ್ನೊಮ್ಮೆ ನೋಡಿ. ಹಲಗೆಯೂ ಹೊರಗಿನ ನೆಲವೂ ಒಂದೇ ಮಟ್ಟದಲ್ಲಿರಬೇಕು, ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಇಲ್ಲದಿದ್ದರೆ ತೂಕ ಸುಳ್ಳು ಹೇಳುತ್ತದೆ. ಕಾರ್ಖಾನೆಯ ತೂಕದ ಚೀಟಿ ನಿಮಗೆ ಪ್ರತಿ ಸಲ ಸಿಗುತ್ತದೆ, ಆದರೆ ಅದರಲ್ಲಿರುವುದು ಒಟ್ಟು ತೂಕ. ಯಾವ ಗಾಲಿಯ ಮೇಲೆ ಎಷ್ಟು ಎಂಬುದು ಅದರಲ್ಲಿ ಇರುವುದಿಲ್ಲ.

ಹುಕ್ಕಿನ ಭಾರ ಟ್ರೇಲರಿನ ಒಟ್ಟು ತೂಕದ ಶೇ. 10ರ ಆಸುಪಾಸಿಗೆ, ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಹುಕ್ಕಿಗೆ ಹೇಳಿದ ಮಿತಿಯೊಳಕ್ಕೆ ಬರಲಿ. ಮುಂದುಗಡೆ ಪೇರಿಸಿದ ಹೊರೆಗಳನ್ನು ಆಕ್ಸೆಲಿನ ಕಡೆಗೆ ಸರಿಸಿದರೆ ಬಹಳ ಸಲ ಅಷ್ಟೇ ಸಾಕು. ಆದರೆ ಹಿಂದಕ್ಕೆ ಅತಿಯಾಗಿ ತಳ್ಳಬೇಡಿ. ಹಿಂಭಾರವಾದರೆ ಟ್ರೇಲರ್ ಟ್ರ್ಯಾಕ್ಟರಿನ ಹಿಂಭಾಗವನ್ನೇ ಎತ್ತುತ್ತದೆ, ಹಿಡಿತವೂ ಬ್ರೇಕೂ ಇರುವುದು ಆ ಗಾಲಿಗಳಲ್ಲೇ. ಮುಂದೆ ವೆಯ್ಟ್ ಕಟ್ಟುವುದೂ ಸರಿಯಾದ ದಾರಿ: ಮುಂದಿನ ಆಕ್ಸೆಲಿಗಿಂತ 60 ಸೆಂಟಿಮೀಟರ್ ಮುಂದೆ 150 ಕೆಜಿ ಕಟ್ಟಿದರೆ ಗಾಲಿಗಳ ಮೇಲೆ 195 ಕೆಜಿ ಸಿಗುತ್ತದೆ. ಇಷ್ಟಾದರೂ ನಾಲೆ ಏರಿ ಹತ್ತಿಸುವಾಗ ಅರ್ಧ ಲೋಡು ಗದ್ದೆಯಿಂದ, ಉಳಿದರ್ಧ ಏರಿಯ ಮೇಲೆ ತುಂಬಿಸುವುದು ಉತ್ತಮ. ಕೂಲಿ ಸ್ವಲ್ಪ ಜಾಸ್ತಿಯಾಗುತ್ತದೆ. ಏರಿಯ ಪಕ್ಕದಲ್ಲೇ ನೀರಿದೆ ಎಂಬುದನ್ನು ನೆನೆದರೆ ಅದು ದುಬಾರಿಯಲ್ಲ.

ನಾಲ್ಕು ಗಾಲಿ ಟ್ರೇಲರ್ ಕೊಳ್ಳಲೇ ಎಂದು ಪತ್ರದ ಕೊನೆಗೆ ಕೇಳಿದ್ದೀರಿ. ಅದು ತನ್ನ ಭಾರವನ್ನು ತಾನೇ ಹೊರುತ್ತದೆ, ಹುಕ್ಕಿನ ಮೇಲೆ ಹೆಚ್ಚುಕಡಿಮೆ ಏನೂ ಬೀಳುವುದಿಲ್ಲ. ಮೂತಿ ಏಳುವುದು ಬಹಳ ಕಡಿಮೆಯಾಗುತ್ತದೆ. ಬದಲಿಗೆ ಕೆಸರಿನಲ್ಲಿ ಹಿಂದಿನ ಗಾಲಿ ಅದುಮು ಸಿಗದೆ ನಿಂತಲ್ಲೇ ತಿರುಗುತ್ತದೆ, ರಿವರ್ಸ್ ತೆಗೆಯುವುದು ಕಷ್ಟ, ಮತ್ತು ಬ್ರೇಕಿನ ಸಮಸ್ಯೆ ದೊಡ್ಡದಾಗುತ್ತದೆ. ಅದು ಮುಂದೆ ಬರುತ್ತದೆ.

ಪ್ರಶ್ನೆ: ಮಗ ಟೆಕ್ಸಾಸಿನಲ್ಲಿದ್ದಾನೆ. ಪಿಕಪ್ ಟ್ರಕ್ಕಿಗೆ ಸಿಕ್ಕಿಸುವ, ಒಳಗೆ ಮನೆಯಂತೆಯೇ ಇರುವ ಫಿಫ್ತ್ ವೀಲ್ ಟ್ರೇಲರ್ ಕೊಳ್ಳುತ್ತಾನಂತೆ. ಟ್ರಕ್ 18,000 ಪೌಂಡ್ ಎಳೆಯುತ್ತದೆ, ಟ್ರೇಲರ್ ಖಾಲಿ 11,200, ತುಂಬಿದರೆ 14,000, ಬೇಕಾದಷ್ಟು ಉಳಿಯುತ್ತದೆ ಎನ್ನುತ್ತಾನೆ. ಟ್ರಕ್ಕಿನ ಬಾಗಿಲಿನ ಹತ್ತಿರ ಇರುವ ಚೀಟಿಯ ಫೋಟೊ ಕಳಿಸಿದ್ದಾನೆ, ಅದರಲ್ಲಿ 2,300 ಪೌಂಡ್ ಎಂದಿದೆ. ಯಾವ ಸಂಖ್ಯೆ ನಂಬಬೇಕು?
– ಕುವೆಂಪುನಗರ, ಮೈಸೂರು

ಉತ್ತರ: ಬಾಗಿಲಿನ ಚೀಟಿಯನ್ನು. ಅದು ಆ ಒಂದು ಟ್ರಕ್ಕಿಗೇ ಬರೆದ ಸಂಖ್ಯೆ. 18,000 ಎಂಬುದು ಎಳೆಯುವ ತೂಕ. 2,300 ಎಂಬುದು ಚಾಲಕ, ಪ್ರಯಾಣಿಕರು, ಸಾಮಾನು ಎಲ್ಲ ಸೇರಿ ಟ್ರಕ್ಕು ಬೆನ್ನಮೇಲೆ ಹೊರಬಹುದಾದ ತೂಕ.

ಫಿಫ್ತ್ ವೀಲ್ ಎಂದರೆ ಐದನೆಯ ಚಕ್ರ. ಕುದುರೆ ಗಾಡಿಗಳ ಮುಂದಿನ ಅಚ್ಚು ತಿರುಗಲೆಂದು ಮಲಗಿಸಿ ಇಡುತ್ತಿದ್ದ ಬಳೆಯಿಂದ ಬಂದ ಹೆಸರು. ನಮ್ಮ ನಾಲ್ಕು ಗಾಲಿ ಟ್ರೇಲರಿನ ಮುಂದಿನ ಟರ್ನ್‌ಟೇಬಲ್ ಇದೆಯಲ್ಲ, ಅದೇ ಜಾತಿ. ಪಿಕಪ್ಪಿನಲ್ಲಿ ಈ ಹುಕ್ಕು ಹಿಂದಿನ ಬಂಪರಿನಲ್ಲಿರದೆ ತೊಟ್ಟಿಯೊಳಗೆ, ಹಿಂದಿನ ಆಕ್ಸೆಲಿನ ನೇರಕ್ಕೆ ಅಥವಾ ಒಂದೆರಡು ಅಂಗುಲ ಮುಂದಕ್ಕೆ ಕೂರುತ್ತದೆ. ಆದ್ದರಿಂದ ಪಾಂಡವಪುರದವರ ಹಾಗೆ ಮೂತಿ ಏಳುವ ಕಾಟವಿಲ್ಲ. ಆದರೆ ಹುಕ್ಕಿನ ಭಾರವೆಲ್ಲ ಹಿಂದಿನ ಆಕ್ಸೆಲಿನ ಮೇಲೇ ಬೀಳುತ್ತದೆ. ಆ ಭಾರವೂ ಸಣ್ಣದಲ್ಲ. ಬಂಪರಿಗೆ ಸಿಕ್ಕಿಸುವ ಟ್ರೇಲರಿನಲ್ಲಿ ಒಟ್ಟು ತೂಕದ ಶೇ. 10ರಿಂದ 15 ಹುಕ್ಕಿನ ಮೇಲಿದ್ದರೆ, ಫಿಫ್ತ್ ವೀಲಿನಲ್ಲಿ ಶೇ. 15ರಿಂದ 25.

ಶೇ. 20 ಹಿಡಿಯಿರಿ. ಖಾಲಿ ತೂಕವನ್ನು ಹಿಡಿಯಬೇಡಿ. ನೀರು, ಗ್ಯಾಸ್, ಬ್ಯಾಟರಿ, ಪಾತ್ರೆಪಗಡ ಏರಿದ ಮೇಲೆ ಖಾಲಿ ತೂಕದ ಟ್ರೇಲರ್ ಯಾವ ರಸ್ತೆಯಲ್ಲೂ ಓಡುವುದಿಲ್ಲ. 14,000ದ ಶೇ. 20 ಎಂದರೆ 2,800 ಪೌಂಡ್, ಸುಮಾರು 1,270 ಕೆಜಿ. ಚೀಟಿಯ 2,300 ಅಲ್ಲಿಗೇ ದಾಟಿತು. ಅದರ ಮೇಲೆ ಹುಕ್ಕಿನ ಕಬ್ಬಿಣವೇ 150 ಪೌಂಡ್, ಗಂಡ ಹೆಂಡತಿ ಇಬ್ಬರು ಮಕ್ಕಳು 500, ಟ್ರಕ್ಕಿನಲ್ಲಿಡುವ ಸಾಮಾನು 150. ಒಟ್ಟು 3,600. ಮಿತಿಗಿಂತ 1,300 ಪೌಂಡ್ ಹೆಚ್ಚು.

ಲೆಕ್ಕವನ್ನು ತಿರುಗಿಸಿ ಹಾಕಿದರೆ ಈ ಟ್ರಕ್ಕಿಗೆ ಎಂಥ ಟ್ರೇಲರ್ ಸರಿಹೋಗುತ್ತದೆಂದು ಗೊತ್ತಾಗುತ್ತದೆ. 2,300ರಲ್ಲಿ 800 ಕಳೆದರೆ ಹುಕ್ಕಿಗೆ ಉಳಿಯುವುದು 1,500. ಅದು ಶೇ. 20 ಆಗಬೇಕಾದರೆ ಟ್ರೇಲರಿನ ಗರಿಷ್ಠ ತೂಕ 7,500 ಪೌಂಡ್. 18,000 ಎಲ್ಲಿ, 7,500 ಎಲ್ಲಿ! ಆ 14,000ದ ಟ್ರೇಲರೇ ಬೇಕೆಂದರೆ ಚೀಟಿಯಲ್ಲಿ 4,000 ಪೌಂಡಿನ ಹತ್ತಿರವಿರುವ, ‘ಒನ್ ಟನ್’ ಎಂದು ಕರೆಯುವ ವರ್ಗದ ಟ್ರಕ್ ನೋಡಬೇಕು. ಹಿಂದೆ ಜೋಡಿ ಟಯರ್ ಇದ್ದರೆ ಇನ್ನೂ ಒಳ್ಳೆಯದು. ಒಂದೇ ಮಾದರಿಯಲ್ಲಿ ಡೀಸೆಲ್ ಎಂಜಿನ್ ಹೆಚ್ಚು ಎಳೆಯುತ್ತದೆ, ಆದರೆ ಎಂಜಿನ್ನಿನದೇ ತೂಕ ಹೆಚ್ಚಾದ್ದರಿಂದ ಹೊರುವ ಮಿತಿ ಪೆಟ್ರೋಲಿನದಕ್ಕಿಂತ ಕಡಿಮೆ ಇರುವುದುಂಟು. ಮೇಲುದರ್ಜೆಯ ಸೀಟು, ಮೇಲ್ಛಾವಣಿಯ ಗಾಜು ಕೂಡ ಅದೇ ಚೀಟಿಯಿಂದ ತಿನ್ನುತ್ತವೆ. ಶೋರೂಮಿನಲ್ಲಿ ಎರಡು ಟ್ರಕ್ ಅಕ್ಕಪಕ್ಕ ನಿಂತಿದ್ದರೆ ಎರಡರ ಚೀಟಿಯನ್ನೂ ಓದಬೇಕು.

ಚೀಟಿಯ ಪಕ್ಕದ ಇನ್ನೊಂದು ಪಟ್ಟಿಯಲ್ಲಿ ಟ್ರಕ್ಕಿನ ಒಟ್ಟು ತೂಕದ ಮಿತಿ, ಮುಂದಿನ ಹಿಂದಿನ ಆಕ್ಸೆಲ್‌ಗಳ ಮಿತಿ ಬೇರೆ ಬೇರೆಯಾಗಿ ಇರುತ್ತವೆ. ಟ್ರಕ್ಕೂ ಟ್ರೇಲರೂ ಕೂಡಿ ಎಷ್ಟು ಎಂಬ ಮಿತಿ ಕೈಪಿಡಿಯಲ್ಲಿ ಸಿಗುತ್ತದೆ. ಒಂದನ್ನೂ ದಾಟಬಾರದು, ನಾಲ್ಕರಲ್ಲಿ ಮೂರು ಪಾಸಾದರೆ ಪಾಸಲ್ಲ. ಫಿಫ್ತ್ ವೀಲಿನಲ್ಲಿ ಸಾಮಾನ್ಯವಾಗಿ ಮೊದಲು ಮುಗಿಯುವುದು ಹೊರುವ ಮಿತಿ ಅಥವಾ ಹಿಂದಿನ ಆಕ್ಸೆಲಿನ ಮಿತಿ, ಎಳೆಯುವ ಮಿತಿಯಲ್ಲ.

ಕೊಂಡ ಮೇಲೆ ತೂಗಿಸಲಿ. ಅಲ್ಲಿನ ಹೆದ್ದಾರಿ ಟ್ರಕ್ ನಿಲ್ದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಹಲಗೆಗಳಿವೆ. ಮುಂದಿನ ಆಕ್ಸೆಲ್, ಹಿಂದಿನ ಆಕ್ಸೆಲ್, ಟ್ರೇಲರಿನ ಗಾಲಿಗಳು ಮೂರನ್ನೂ ಒಟ್ಟಿಗೆ, ಬೇರೆಬೇರೆಯಾಗಿ ತೂಗುತ್ತವೆ. ಟ್ರೇಲರ್ ಸಿಕ್ಕಿಸಿ ಒಮ್ಮೆ, ಬಿಚ್ಚಿ ಒಮ್ಮೆ ತೂಗಿ, ಟ್ರಕ್ಕಿನ ಎರಡು ಆಕ್ಸೆಲ್‌ಗಳ ಮೊತ್ತದ ವ್ಯತ್ಯಾಸ ತೆಗೆದರೆ ಹುಕ್ಕಿನ ಭಾರ ಸಿಕ್ಕಿತು. ಪಾಂಡವಪುರದ ವೇ ಬ್ರಿಡ್ಜಿನ ಲೆಕ್ಕವೇ ಇದು.

ತೊಟ್ಟಿ ಗಿಡ್ಡವಿರುವ ಟ್ರಕ್ಕಾದರೆ ಒಂದು ಎಚ್ಚರ: ತಿರುವಿನಲ್ಲಿ ಟ್ರೇಲರಿನ ಮುಂದಿನ ಮೂಲೆ ಕ್ಯಾಬಿನಿನ ಹಿಂದಿನ ಗಾಜಿಗೆ ಬಡಿಯುತ್ತದೆ. ಹಿಂದಕ್ಕೆ ಜಾರುವ ಹುಕ್ಕು ಬೇಕಾಗುತ್ತದೆ, ಅದು ಇನ್ನಷ್ಟು ಭಾರ. ಹಿಂಭಾಗ ಕುಸಿಯದಿರಲೆಂದು ಗಾಳಿಚೀಲ ಹಾಕಿಸುತ್ತೇನೆ ಎಂದರೆ ಹಾಕಿಸಲಿ, ಟ್ರಕ್ಕು ಮಟ್ಟವಾಗಿ ನಿಲ್ಲುತ್ತದೆ. ಚೀಟಿಯ ಸಂಖ್ಯೆ ಮಾತ್ರ ಒಂದು ಪೌಂಡೂ ಏರುವುದಿಲ್ಲ.

ಪ್ರಶ್ನೆ: ನಾಲ್ಕು ಗಾಲಿ ಟ್ರೇಲರಿನಲ್ಲಿ 8 ಟನ್ ಸೈಜುಗಲ್ಲು ಹಾಕಿಕೊಂಡು ಮೇಲುಕೋಟೆ ಕಡೆಯ ಇಳಿಜಾರಿನಲ್ಲಿ ಬರುತ್ತೇವೆ. ಟ್ರೇಲರಿಗೆ ಬ್ರೇಕ್ ಇಲ್ಲ. ಟ್ರ್ಯಾಕ್ಟರಿನ ಬ್ರೇಕ್ ಹೊಸದು, ಆದರೂ ನಿಲ್ಲುವುದಿಲ್ಲ.
– ಒಬ್ಬ ಚಾಲಕರು

ಉತ್ತರ: ಬ್ರೇಕ್ ಎಷ್ಟೇ ಹೊಸದಿದ್ದರೂ ಗಾಲಿ ನೆಲವನ್ನು ಹಿಡಿದಷ್ಟೇ ನಿಲ್ಲುವುದು. ನಿಮ್ಮ ಟ್ರ್ಯಾಕ್ಟರಿನಲ್ಲಿ ಬ್ರೇಕ್ ಇರುವುದು ಹಿಂದಿನ ಎರಡು ಗಾಲಿಗೆ ಮಾತ್ರ, ಅವುಗಳ ಮೇಲಿರುವುದು 1.3 ಟನ್. ಒಣ ಟಾರಿನಲ್ಲಿ ಅದರಿಂದ ಸಿಗುವ ತಡೆ ಸುಮಾರು 780 ಕೆಜಿಯಷ್ಟು. ನಿಲ್ಲಿಸಬೇಕಾದ್ದು ಟ್ರ್ಯಾಕ್ಟರ್ 2.1, ಟ್ರೇಲರ್ 2, ಕಲ್ಲು 8, ಒಟ್ಟು 12.1 ಟನ್.

ಗಂಟೆಗೆ 20 ಕಿ.ಮೀ. ವೇಗದಲ್ಲಿ, ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡನ್ನೂ ಗಾಲಿಗಳ ಉರುಳು ತಡೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ, ಖಾಲಿ ಟ್ರೇಲರ್ 13 ಮೀಟರಿನಲ್ಲಿ ನಿಲ್ಲುತ್ತದೆ. ತುಂಬಿದ್ದು ಸಮತಟ್ಟಿನಲ್ಲಿ 24 ಮೀಟರ್. ನೂರಡಿಗೆ ಐದಡಿ ಇಳಿಯುವಲ್ಲಿ 50 ಮೀಟರ್ ದಾಟುತ್ತದೆ. ನೂರಡಿಗೆ ಎಂಟಡಿ ಇಳಿಜಾರಾದರೆ ತಡೆಯೂ ತಳ್ಳುವುದೂ ಹೆಚ್ಚುಕಡಿಮೆ ಸಮವಾಗಿ, ಗಾಡಿ ನಿಲ್ಲುವುದೇ ಇಲ್ಲ ಎನ್ನಬೇಕು. ಮಳೆ ಬಂದಿದ್ದರೆ, ರಸ್ತೆಯ ಮೇಲೆ ಜಲ್ಲಿಪುಡಿ ಇದ್ದರೆ ಇನ್ನೂ ಕೆಟ್ಟದ್ದು. ಆ ಹೊತ್ತಿನಲ್ಲಿ ಸ್ಟೇರಿಂಗ್ ಸ್ವಲ್ಪ ತಿರುಗಿದ್ದರೆ ಹಿಂದಿನಿಂದ 10 ಟನ್ ತಳ್ಳಿ ಟ್ರ್ಯಾಕ್ಟರನ್ನು ಅಡ್ಡಡ್ಡ ಮಡಚುತ್ತದೆ.

ಆದ್ದರಿಂದ ಟ್ರೇಲರಿಗೇ ಬ್ರೇಕ್ ಹಾಕಿಸಿ. ಟ್ರ್ಯಾಕ್ಟರಿನಿಂದ ಪೈಪ್ ಎಳೆದ ಹೈಡ್ರಾಲಿಕ್ ಬ್ರೇಕ್ ಅಥವಾ ಏರ್ ಬ್ರೇಕ್ ಉತ್ತಮ. ಟ್ರೇಲರ್ ಮುಂದಕ್ಕೆ ನುಗ್ಗಿದಾಗ ತಾನೇ ಹಿಡಿಯುವ ಓವರ್‌ರನ್ ಬ್ರೇಕ್ ಹಗುರ ಟ್ರೇಲರಿಗೆ ಸರಿ, 10 ಟನ್ನಿಗೆ ಅದನ್ನೇ ನಂಬಬೇಡಿ. ಯಾವುದೇ ಆಗಲಿ, ಟ್ರೇಲರಿನ ಬ್ರೇಕ್ ಟ್ರ್ಯಾಕ್ಟರಿನದಕ್ಕಿಂತ ಒಂದು ಕ್ಷಣ ಮೊದಲು ಹಿಡಿಯುವಂತೆ ಹೊಂದಿಸಬೇಕು, ಆಗ ಟ್ರೇಲರ್ ಹಿಂದಕ್ಕೆ ಜಗ್ಗುತ್ತದೆಯೇ ಹೊರತು ತಳ್ಳುವುದಿಲ್ಲ. ಹಾಕಿಸುವತನಕ ಅರ್ಧ ಲೋಡು. ಇಳಿಜಾರಿನ ತಲೆಯಲ್ಲೇ ಲೋ ಗೇರಿಗೆ ಬನ್ನಿ, ನಡುವೆ ಗೇರ್ ಬದಲಿಸಬೇಡಿ, ಕ್ಲಚ್ ತುಳಿಯಬೇಡಿ. ಎಡ–ಬಲ ಬ್ರೇಕ್ ಪೆಡಲ್‌ಗಳನ್ನು ಲಾಕ್ ಪಟ್ಟಿಯಿಂದ ಜೋಡಿಸಿರಬೇಕು. ಉಳುವಾಗ ಬಿಚ್ಚಿದ್ದನ್ನು ರಸ್ತೆಗಿಳಿಯುವಾಗ ಹಾಕಲು ಮರೆತು ಒಂದೇ ಗಾಲಿ ಹಿಡಿದು ಮಗುಚಿದ ಗಾಡಿಗಳು ಕಡಿಮೆಯಿಲ್ಲ.

ಟಯರ್ ಬಗ್ಗೆಯೂ ನೋಡಿಕೊಳ್ಳಿ. ಪಕ್ಕದಲ್ಲಿ 140 ಎ8 ಎಂದು ಇದ್ದರೆ ಆ ಟಯರ್ ಗಂಟೆಗೆ 40 ಕಿ.ಮೀ. ವೇಗದಲ್ಲಿ 2,500 ಕೆಜಿ ಹೊರುತ್ತದೆ, ಗಾಳಿ ಪೂರ್ತಿ ಇದ್ದರೆ. ನಾಲ್ಕಕ್ಕೆ 10,000. ಟ್ರೇಲರಿನ 2 ಟನ್ನೂ ಅದರಲ್ಲೇ ಸೇರಿದೆ. ಅಂದರೆ ನಿಮ್ಮ 8 ಟನ್ ಸರಿಯಾಗಿ ಅಂಚಿನಲ್ಲಿದೆ. ಎಡಬಲ ಸಮನಾಗಿ ತುಂಬದಿದ್ದರೆ ಒಂದು ಬದಿ ದಾಟಿರುತ್ತದೆ.

ಇದೇ ಪತ್ರದಲ್ಲಿ ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇ ಬಗ್ಗೆ ಕೇಳಿದ್ದೀರಿ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ಟ್ರ್ಯಾಕ್ಟರಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಪ್ರಶ್ನೆ: ನಮ್ಮ ಪಿಕಪ್ಪಿನ ಆರ್‌ಸಿಯಲ್ಲಿ ಒಟ್ಟು ತೂಕ 3,150, ಖಾಲಿ ತೂಕ 1,700 ಎಂದಿದೆ. 1,450 ಕೆಜಿ ಎಳನೀರು ಹಾಕಬಹುದಲ್ಲವೇ? ಹಿಂದೆ ಎರಡು ಸ್ಪ್ರಿಂಗ್ ಪ್ಲೇಟ್ ಹೆಚ್ಚಿಗೆ ಹಾಕಿಸಿ ಸಾವಿರ ಕಾಯಿ ಹೇರುತ್ತಿದ್ದೇವೆ.
– ಮದ್ದೂರು

ಉತ್ತರ: ಕಾನೂನಿನ ಪ್ರಕಾರ ಖಾಲಿ ತೂಕದಲ್ಲಿ ಚಾಲಕರೂ ಜೊತೆಗಾರರೂ ಸೇರಿಲ್ಲ. ಇಬ್ಬರಿಗೆ 135 ಕೆಜಿ ಬಿಡಿ. ಆಮೇಲೆ ಕಟ್ಟಿಸಿದ ಕಬ್ಬಿಣದ ಜಾಲರಿ, ಟಾರ್ಪಾಲು, ಹಗ್ಗ 120 ಎನ್ನಿ. ಸರಕಿಗೆ ಉಳಿಯುವುದು 1,195 ಕೆಜಿ. ಎಳನೀರು ಕಾಯೊಂದಕ್ಕೆ 1.8 ಕೆಜಿ ಹಿಡಿದರೆ 660 ಕಾಯಿ. ನೀವು ಹಾಕುತ್ತಿರುವ ಸಾವಿರ ಕಾಯಿ 1,800 ಕೆಜಿ, 600 ಕೆಜಿ ಹೆಚ್ಚು. ನಿಮ್ಮ ಕಾಯಿ ಎಷ್ಟು ತೂಗುತ್ತದೆಂದು ನೂರು ಕಾಯಿ ತೂಗಿ ನೋಡಿ. ದಪ್ಪಕಾಯಿಯಾದರೆ ಲೆಕ್ಕ ಇನ್ನೂ ಕೆಳಗಿಳಿಯುತ್ತದೆ.

ಪ್ಲೇಟ್ ಹೆಚ್ಚಿಸಿದರೆ ಗಾಡಿ ಕೂರುವುದಿಲ್ಲ, ಅಷ್ಟೇ. ಆಕ್ಸೆಲ್ ಕೊಳವೆ, ಹಬ್ ಬೇರಿಂಗ್, ಬ್ರೇಕ್ ಡ್ರಮ್, ಟಯರ್ ಎಲ್ಲ ಹಳೆಯವೇ. ಮೊದಲು ಕೂತುಬಿಟ್ಟು ‘ಜಾಸ್ತಿಯಾಯ್ತು’ ಎಂದು ಹೇಳುತ್ತಿದ್ದ ಗಾಡಿಯ ಬಾಯಿ ಮುಚ್ಚಿಸಿದಂತಾಯಿತು. ಬೇರಿಂಗ್ ಬಿಸಿಯಾಗಿ ಗ್ರೀಸ್ ಕರಗಿ ಡ್ರಮ್ಮಿನೊಳಗೆ ಹರಿಯುವುದು, ಆ ಗಾಲಿಯ ಬ್ರೇಕ್ ಹೋಗುವುದು ಮುಂದಿನ ಹಂತ. ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ಹೆಚ್ಚು ಭಾರಕ್ಕೆ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000, ಇಳಿಸುವ ಖರ್ಚೂ ನಿಮ್ಮದೇ.

ಪ್ರಶ್ನೆ: ಟ್ರೇಲರ್ ಹುಕ್ಕಿನ ಪಿನ್ ಹಂಗಾಮಿಗೆ ಎರಡು ಸಲ ಬಾಗುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ರಾಡ್ ಕತ್ತರಿಸಿ ಮಾಡಿಸುತ್ತೇವೆ.
– ಕೆ.ಎಂ. ದೊಡ್ಡಿ

ಉತ್ತರ: ಪಿನ್ ಹೊರತೆಗೆದು ಬೆರಳಿನಿಂದ ಸವರಿ ನೋಡಿ. ನಡುವೆ ಒಂದು ತಗ್ಗು, ಅದರ ಮೇಲೂ ಕೆಳಗೂ ಹೊಳೆಯುವ ಅಂಚು ಕಂಡರೆ ಟ್ರೇಲರಿನ ಕಣ್ಣು, ಅಂದರೆ ಪಿನ್ ತೂರುವ ಬಳೆ, ಅಲ್ಲಿ ಸವೆಸಿದೆ. 25 ಮಿ.ಮೀ. ಪಿನ್ ಅಲ್ಲಿ 22ಕ್ಕೆ ಇಳಿದಿದ್ದರೆ ಬಾಗದೆ ತಡೆಯುವ ಶಕ್ತಿಯ ಮೂರನೇ ಒಂದು ಪಾಲು ಹೋಯಿತು. ಕಟ್ಟಡದ ಸರಳು, ಮೆದು ಕಬ್ಬಿಣದ ರಾಡು, ಬೋಲ್ಟು ಯಾವುದೂ ಬೇಡ. ಟ್ರ್ಯಾಕ್ಟರ್ ಅಂಗಡಿಯಲ್ಲಿ ಸಿಗುವ, ಹದ ಮಾಡಿದ ಉಕ್ಕಿನ ಪಿನ್ ತನ್ನಿ, ತೂತಿನ ಅಳತೆಯದ್ದೇ ತನ್ನಿ. ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಹೊಸ ಪಿನ್ ಹಾಕಿಯೂ ಫಲವಿಲ್ಲ, ಪ್ರತಿ ಗೇರಿಗೂ ಕಣ್ಣು ಹಿಂದುಮುಂದಾಗಿ ಸುತ್ತಿಗೆಯಂತೆ ಬಡಿಯುತ್ತದೆ. ಬುಷ್ ಹಾಕಿಸಿ ತೂತು ಸರಿಪಡಿಸಿ.

ಪಿನ್ನನ್ನು ಮೇಲೂ ಕೆಳಗೂ ಎರಡು ಕಡೆ ಹಿಡಿಯುವ ಯು ಆಕಾರದ ಹುಕ್ಕೇ ಇರಲಿ. ಒಂದೇ ಪಟ್ಟಿಯ ತೂತಿಗೆ ಇಳಿಬಿಟ್ಟ ಪಿನ್ ಗೂಟದ ಹಾಗೆ ಬುಡದಲ್ಲಿ ಬಾಗುತ್ತದೆ, ನಿಮ್ಮದು ಅದೇ ಇರಬೇಕು. ತುದಿಯಲ್ಲಿ ಲಾಕ್ ಪಿನ್ ಕಡ್ಡಾಯ, ತಂತಿ ಸುತ್ತುವುದು ಲಾಕ್ ಅಲ್ಲ. ಜೊತೆಗೆ ಟ್ರೇಲರಿನ ಮೂಕಿಯಿಂದ ಟ್ರ್ಯಾಕ್ಟರಿನ ಚಾಸಿಗೆ ಒಂದು ಸರಪಳಿ: ತಿರುವಿಗೆ ಅಡ್ಡಿಯಾಗದಷ್ಟು ಸಡಿಲ, ಪಿನ್ ಹೋದರೂ ಮೂಕಿ ನೆಲಕ್ಕೆ ಚುಚ್ಚದಷ್ಟು ಬಿಗಿ.